ಗಾಣದ ಎತ್ತಿಗೊಂದು ಶನಿವಾರ

ಯಹೂದಿಗಳ ಮನೆಗಳಲ್ಲಿ ಶುಕ್ರವಾರ ಸಂಜೆ ಸೂರ್ಯ ಮುಳುಗುವುದಕ್ಕೆ 18 ನಿಮಿಷ ಮೊದಲು ದೀಪ ಹಚ್ಚುವುದು ಹೆಚ್ಚಿನ ಕಡೆಯ ರೂಢಿ. ಜೆರುಸಲೇಮಿನಲ್ಲಿ 40 ನಿಮಿಷ ಮೊದಲೇ ಹಚ್ಚುತ್ತಾರೆ. ಆ ವಾರದ ಕೊನೆಯ ಬೆಂಕಿ ಅದು. ಅಲ್ಲಿಂದ ಮುಂದೆ, ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ, ಹೊಸದಾಗಿ ಬೆಂಕಿ ಹೊತ್ತಿಸುವಂತಿಲ್ಲ, ಹೊತ್ತಿದ್ದನ್ನು ಆರಿಸುವಂತಿಲ್ಲ. ಒಲೆಯ ಮೇಲಿದ್ದದ್ದು ಹೇಗಿತ್ತೋ ಹಾಗೆ. ಅರ್ಧ ಬರೆದ ಕಾಗದ ಅರ್ಧಕ್ಕೇ. ಅರ್ಧ ಹೊಲಿದ ಅಂಗಿಯೂ ಅರ್ಧಕ್ಕೇ. ಬರುವವಳಿಗೆ ನಮ್ಮ ಕೆಲಸ ಎಲ್ಲಿಗೆ ಬಂತು ಎಂಬುದರ ಚಿಂತೆಯಿಲ್ಲ. ಅವಳು ಸೂರ್ಯನ ಲೆಕ್ಕಕ್ಕೆ ಬರುತ್ತಾಳೆ.

'ಬರುವವಳು' ಎಂದದ್ದು ನನ್ನ ಅಲಂಕಾರವಲ್ಲ. ಸಬ್ಬತ್ ಎಂಬ ಆ ದಿನವನ್ನು ಯಹೂದಿಗಳು ಹೆಣ್ಣಾಗಿಯೇ ಕಾಣುತ್ತಾರೆ. ಅವಳು ರಾಣಿ, ಅವಳು ಮದುವಣಗಿತ್ತಿ. ಅವಳನ್ನು ಬರಮಾಡಿಕೊಳ್ಳುವ ಆಚರಣೆಗಳ ಬಗ್ಗೆ ಬರೆಯಬೇಕೆನ್ನಿಸಿ ಬಹಳ ದಿನಗಳಾದವು.

ನನ್ನ ಪಿಎಚ್.ಡಿ. ವಿಷಯ ಸಬ್ಬತ್ ಅಲ್ಲ. ನಾನು ಓದುತ್ತಿರುವುದು 12ನೇ ಶತಮಾನದ ನಮ್ಮ ಕರಾವಳಿಯ ಕಡಲ ವ್ಯಾಪಾರ. ಆ ಓದಿನಲ್ಲಿ ಎದುರಾದವನು ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಸಿಯಾದ ಕಡೆಯ ಯಹೂದಿ ವ್ಯಾಪಾರಿ. ಏಡನ್ ಮೂಲಕ ಬಂದು, 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. 1149ರಲ್ಲಿ ಏಡನ್ನಿಗೆ ಮರಳುವವರೆಗೆ ಹೆಚ್ಚಿನ ಕಾಲ ಈ ತೀರದಲ್ಲೇ ಬದುಕಿದ. ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದು ಎಸೆಯಬಾರದೆಂಬ ನಂಬಿಕೆಯಿಂದ ಹಳೆಯ ಕೈರೋದ ಸಿನಗಾಗ್ ಒಂದರ ಕೋಣೆಯಲ್ಲಿ ತುಂಬಿಟ್ಟಿದ್ದ ಕಾಗದಗಳ ರಾಶಿಯಲ್ಲಿ ಅವನ ಪತ್ರಗಳೂ ಉಳಿದುಕೊಂಡವು. ಅಮಿತಾವ್ ಘೋಷ್ ಅವರ 'ಇನ್ ಆನ್ ಆ್ಯಂಟೀಕ್ ಲ್ಯಾಂಡ್' ಓದಿದವರಿಗೆ ಈ ಕತೆ ಗೊತ್ತಿರುತ್ತದೆ.

ಆ ಪತ್ರಗಳ ತುಂಬ ಬೆಲೆ, ತೂಕ, ಸಾಲ, ಹಡಗು. ಅನುವಾದದಲ್ಲಿ ಅವನ್ನು ಓದುತ್ತ ಓದುತ್ತ ಒಂದು ಸಂಜೆ ಲೆಕ್ಕಕ್ಕೆ ಸಂಬಂಧವಿಲ್ಲದ ಪ್ರಶ್ನೆಯೊಂದು ತಲೆಗೆ ಹೊಕ್ಕಿತು. ವಾರವಿಡೀ ಹೀಗೆ ಲೆಕ್ಕದಲ್ಲಿ ಮುಳುಗಿರುತ್ತಿದ್ದ ಈ ಮನುಷ್ಯ ಶುಕ್ರವಾರ ಸಂಜೆ ಏನು ಮಾಡುತ್ತಿದ್ದ? ಕಾರ್ಖಾನೆಯ ಕುಲುಮೆ ಆರಿಸಿ ಕೈತೊಳೆದುಕೊಂಡು ಬರುವುದೆಂದರೆ ಅವನಿಗೆ ಹೇಗನ್ನಿಸುತ್ತಿತ್ತು? ಸಂಶೋಧನಾ ವಿದ್ಯಾರ್ಥಿಗೆ ಈ ಪ್ರಶ್ನೆ ಸುಮ್ಮನೆ ಬರುವುದಿಲ್ಲ. ನಮಗೆ ಐದು ಗಂಟೆಗೆ ಮುಚ್ಚುವ ಆಫೀಸಿಲ್ಲ, ಭಾನುವಾರವಿಲ್ಲ. ಪ್ರಬಂಧ ಮುಗಿಯುವವರೆಗೆ ಯಾವ ದಿನವೂ ಮುಗಿದ ಹಾಗಲ್ಲ. ಸಿನಿಮಾ ನೋಡುತ್ತಿದ್ದರೂ ಕದ್ದ ಹೊತ್ತಿನಲ್ಲಿ ಕೂತಂತೆ. 'ಏನ್ ನಡೀತಿದೆ?' ಎಂದು ಯಾರಾದರೂ ಕೇಳಿದರೆ ನಮ್ಮ ಹಾಸ್ಟೆಲಿನಲ್ಲಿ ಸಿದ್ಧ ಉತ್ತರ, 'ಗಾಣದೆತ್ತು, ಸುತ್ತುತಾ ಇದೀನಿ.'

ಮೊದಲು ದೀಪದ ಮಾತು. ಸಾಮಾನ್ಯವಾಗಿ ಮನೆಯ ಹೆಂಗಸು ದೀಪ ಹಚ್ಚುತ್ತಾಳೆ. ಕಡಿಮೆಯೆಂದರೆ ಎರಡು ಮೇಣದಬತ್ತಿ. ಹತ್ತು ಆಜ್ಞೆಗಳು ಬೈಬಲ್ಲಿನಲ್ಲಿ ಎರಡು ಕಡೆ ಬರುತ್ತವೆ. ವಿಮೋಚನಕಾಂಡದಲ್ಲಿ ಸಬ್ಬತ್ತನ್ನು ನೆನೆ ಎಂದಿದೆ, ಧರ್ಮೋಪದೇಶಕಾಂಡದಲ್ಲಿ ಕಾಪಾಡು ಎಂದಿದೆ. ಆ ಎರಡು ಮಾತಿಗೆ ಎರಡು ದೀಪ ಎಂದು ಹೇಳುತ್ತಾರೆ. ಹಚ್ಚಿದವಳು ಕೈಗಳಿಂದ ಬೆಳಕನ್ನು ತನ್ನತ್ತ ಬಳಿದುಕೊಳ್ಳುವಂತೆ ಮೂರು ಸಲ ಬೀಸಿ, ಕಣ್ಣು ಮುಚ್ಚಿಕೊಂಡು, ಆಶೀರ್ವಚನ ಹೇಳಿ, ಆಮೇಲೆ ಕಣ್ಣು ತೆರೆಯುತ್ತಾಳೆ.

ಕಣ್ಣು ಮುಚ್ಚುವುದು ಯಾಕೆ? ಇದಕ್ಕೆ ಕೊಡುವ ಕಾರಣ ನನಗೆ ತುಂಬ ಇಷ್ಟ. ಯಹೂದಿ ನಿಯಮದಲ್ಲಿ ಯಾವುದೇ ಕರ್ಮಕ್ಕೆ ಮುಂಚೆ ಆಶೀರ್ವಚನ ಹೇಳಬೇಕು, ಆಮೇಲೆ ಕರ್ಮ ಮಾಡಬೇಕು. ಆದರೆ ದೀಪದ ಆಶೀರ್ವಚನ ಹೇಳಿದ ಕ್ಷಣವೇ ಸಬ್ಬತ್ ಒಳಗೆ ಬಂದಂತೆ. ಬಂದ ಮೇಲೆ ಬೆಂಕಿ ಹಚ್ಚುವ ಹಾಗಿಲ್ಲ. ಮೊದಲು ಹಚ್ಚಿದರೆ ಒಂದು ನಿಯಮ ತಪ್ಪುತ್ತದೆ, ಮೊದಲು ಹೇಳಿದರೆ ಇನ್ನೊಂದು. ಅದಕ್ಕೇ ದೀಪ ಹಚ್ಚಿ, ಕಣ್ಣು ಮುಚ್ಚಿ, ಬೆಳಕನ್ನು ಇನ್ನೂ ಕಂಡಿಲ್ಲವೆಂಬ ಹಾಗೆ ನಿಂತು, ಆಶೀರ್ವಚನ ಹೇಳಿ, ಕಣ್ಣು ತೆರೆದು ಆ ಬೆಳಕನ್ನು ಹೊಸದಾಗಿ ನೋಡುವುದು. ನಿಯಮದ ತೊಡಕು ಬಿಡಿಸಿಕೊಳ್ಳಲು ಪಂಡಿತರು ಕಂಡುಕೊಂಡ ಉಪಾಯ ಅಷ್ಟೇ ಇರಬಹುದು. ಆದರೆ ಅದೆಷ್ಟು ತಲೆಮಾರಿನ ಹೆಂಗಸರು ವಾರಕ್ಕೊಮ್ಮೆ ಅಂಗೈಯ ಕತ್ತಲೆಯಲ್ಲಿ ಒಂದರೆಗಳಿಗೆ ಒಬ್ಬರೇ ನಿಂತಿದ್ದಾರೆ! ಆ ಹೊತ್ತಿನಲ್ಲಿ ಮನೆಯವರ ಹೆಸರೆತ್ತಿ ಸ್ವಂತ ಮಾತಿನಲ್ಲಿ ಬೇಡಿಕೊಳ್ಳುವವರೂ ಇದ್ದಾರೆ. ಅವರೆಲ್ಲ ಪಂಡಿತರ ಉಪಾಯದೊಳಗೆ ತಮ್ಮದೊಂದು ಜಾಗ ಮಾಡಿಕೊಂಡರು.

ರಾಣಿ, ಮದುವಣಗಿತ್ತಿ ಎಂಬ ಕಲ್ಪನೆ ತಾಲ್ಮುದ್ ಕಾಲದಷ್ಟು ಹಳೆಯದು. ರಬ್ಬಿ ಹನೀನಾ ಶುಕ್ರವಾರ ಮುಸ್ಸಂಜೆ ಒಳ್ಳೆಯ ಬಟ್ಟೆ ಹೊದ್ದು ನಿಂತು, ಸಬ್ಬತ್ ರಾಣಿಯನ್ನು ಇದಿರುಗೊಳ್ಳೋಣ ಬನ್ನಿ ಎಂದು ಜೊತೆಯವರನ್ನು ಕರೆಯುತ್ತಿದ್ದನಂತೆ. ರಬ್ಬಿ ಯನ್ನಾಯ್ ಆ ದಿನವನ್ನೇ ಮದುವಣಗಿತ್ತಿಯೆಂದು ಕೂಗಿ ಬರಮಾಡಿಕೊಳ್ಳುತ್ತಿದ್ದನಂತೆ. 16ನೇ ಶತಮಾನದಲ್ಲಿ ಗಲಿಲಾಯದ ಸಫೇದ್ ಎಂಬ ಬೆಟ್ಟದೂರಿನ ಅನುಭಾವಿಗಳು ಈ ಮಾತನ್ನು ಹಾಗೆಯೇ ನಡೆಸಿ ತೋರಿಸಿದರು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಹಾಕಿತ್ತು. ಆ ಚದುರಿದ ಜನರಲ್ಲಿ ಕೆಲವರೂ ಅವರ ಮಕ್ಕಳೂ ಬಂದು ಸೇರಿದ್ದ ಊರು ಅದು. ಶುಕ್ರವಾರ ಇಳಿಹೊತ್ತಿನಲ್ಲಿ ಅವರು ಬಿಳಿಬಟ್ಟೆ ಉಟ್ಟು, ಊರ ಹೊರಗಿನ ಹೊಲಗಳಿಗೆ ನಡೆದು, ಮುಳುಗುವ ಸೂರ್ಯನ ಕಡೆ ಮುಖಮಾಡಿ ಹಾಡುತ್ತಿದ್ದರು. ಅವರಲ್ಲೊಬ್ಬ ಶ್ಲೋಮೊ ಹಲೇವಿ ಅಲ್ಕಬೆಟ್ಸ್. ಅವನು ಕಟ್ಟಿದ 'ಲೆಖಾ ದೋದಿ' ಹಾಡು ಇಂದಿಗೂ ಶುಕ್ರವಾರ ಸಂಜೆ ಪ್ರಪಂಚದ ಸಿನಗಾಗ್‌ಗಳಲ್ಲಿ ಕೇಳುತ್ತದೆ. ನುಡಿಗಳ ಮೊದಲಕ್ಷರ ಕೂಡಿಸಿದರೆ ಅವನ ಹೆಸರಾಗುತ್ತದೆ. ಹಾಡಿಗೆ ಮೊದಲು ಆರು ಕೀರ್ತನೆಗಳು. ಕಳೆದ ಆರು ದಿನಗಳಿಗೆ ಒಂದೊಂದು. ಕೊನೆಯ ನುಡಿ ಬಂದಾಗ ಎಲ್ಲರೂ ಬಾಗಿಲ ಕಡೆ ತಿರುಗಿ ತಲೆಬಾಗುತ್ತಾರೆ. ಬಾಗಿಲಲ್ಲಿ ಯಾರೂ ಇರುವುದಿಲ್ಲ. ಮನೆ ಕಳೆದುಕೊಂಡವರು ಮತ್ತೊಬ್ಬರಿಗೆ ಬಾಗಿಲು ತೆರೆದು ಸ್ವಾಗತ ಹೇಳುವುದನ್ನು ವಾರವಾರದ ಪದ್ಧತಿ ಮಾಡಿಕೊಂಡರು ಎಂಬುದನ್ನು ಯೋಚಿಸಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅತಿಥಿ ಬರುತ್ತಾಳೆಂದರೆ ಮನೆಯಲ್ಲಿ ಕೆಲಸವಿದೆ. ನೆಲ ಒರೆಸಬೇಕು, ಹಿಟ್ಟು ನಾದಬೇಕು, ಎರಡು ಹೊತ್ತಿನ ಅಡುಗೆ ಮುಂಚೆಯೇ ಆಗಬೇಕು. ಶನಿವಾರ ಮಧ್ಯಾಹ್ನದ ಬಿಸಿಯೂಟಕ್ಕಾಗಿ ಕಾಳು, ಮಾಂಸ, ಗಡ್ಡೆ ತುಂಬಿದ ಪಾತ್ರೆಯನ್ನು ಶುಕ್ರವಾರವೇ ಸಣ್ಣ ಉರಿಯ ಮೇಲಿಟ್ಟು ರಾತ್ರಿಯಿಡೀ ಬಿಡುತ್ತಾರೆ. ಯೂರೋಪಿನ ಯಹೂದಿಗಳು ಅದನ್ನು ಚೋಲೆಂಟ್ ಎನ್ನುತ್ತಾರೆ, ಇನ್ನೂ ಹಲವು ಕಡೆ ಹಮೀನ್ ಎನ್ನುತ್ತಾರೆ. ಇಲ್ಲಿ ಒಂದು ಪ್ರಶ್ನೆ ಕೇಳದೆ ಮುಂದೆ ಹೋಗಲಾರೆ. ಈ ವಿಶ್ರಾಂತಿಗೆ ದುಡಿಯುವವರು ಯಾರು? ಹಬ್ಬದ ದಿನ ಅಮ್ಮ ಎಷ್ಟು ಹೊತ್ತಿಗೆ ಏಳುತ್ತಾಳೆ, ಎಷ್ಟು ಹೊತ್ತಿಗೆ ಉಣ್ಣುತ್ತಾಳೆ ಎಂಬುದನ್ನು ಕಂಡು ಬೆಳೆದ ನಮಗೆ ಈ ಸಂಶಯ ತಾನಾಗಿ ಬರುತ್ತದೆ. ಯಹೂದಿ ಮನೆಗಳಲ್ಲೂ ಶುಕ್ರವಾರದ ಬೆವರು ಹೆಚ್ಚಾಗಿ ಹೆಂಗಸರದ್ದೇ. ಗಂಡ ಊಟಕ್ಕೆ ಮುಂಚೆ ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದಿಂದ ಗುಣವತಿಯಾದ ಗೃಹಿಣಿಯ ಹೊಗಳಿಕೆ ಹಾಡುವ ಪದ್ಧತಿಯಿದೆ. ಬೆಳಗಾಗುವ ಮೊದಲೇ ಏಳುವ, ರಾತ್ರಿ ದೀಪ ಆರಿಸದ ಹೆಂಗಸಿನ ಹೊಗಳಿಕೆ ಅದು. ಕೇಳುತ್ತ ಕೂತವಳಿಗೆ ಏನನ್ನಿಸುತ್ತದೋ.

ಆದರೆ ತಾಲ್ಮುದ್ದಿನಲ್ಲೇ ಇನ್ನೊಂದು ಪಟ್ಟಿಯಿದೆ. ಮನೆಯಲ್ಲಿ ಆಳುಕಾಳು ಇಟ್ಟುಕೊಳ್ಳಬಲ್ಲ ದೊಡ್ಡ ದೊಡ್ಡ ವಿದ್ವಾಂಸರು ಸಬ್ಬತ್ತಿಗಾಗಿ ತಮ್ಮ ಕೈಯಾರೆ ಏನೇನು ಮಾಡುತ್ತಿದ್ದರು ಎಂಬುದರ ಪಟ್ಟಿ. ರಾವಾ ಮೀನಿಗೆ ಉಪ್ಪು ಹಚ್ಚುತ್ತಿದ್ದ. ರಾವ್ ಹಿಸ್ದಾ ಸೊಪ್ಪು ಹೆಚ್ಚುತ್ತಿದ್ದ. ರಬ್ಬಾ ಮತ್ತು ರಾವ್ ಯೋಸೆಫ್ ಸೌದೆ ಒಡೆಯುತ್ತಿದ್ದರು. ರಾವ್ ಪಾಪಾ ಬತ್ತಿ ಹೊಸೆಯುತ್ತಿದ್ದ. ರಾಣಿ ಬರುವಾಗ ಆಳನ್ನು ಕಳಿಸುತ್ತೀರೋ ನೀವೇ ಓಡಾಡುತ್ತೀರೋ ಎಂಬುದು ಅದರ ತರ್ಕ. ಪುಸ್ತಕ ಬಿಟ್ಟು ಕದಲದ ಪಂಡಿತರಿಗೆ ಆ ಪರಂಪರೆಯೇ ಕೊಡಲಿ ಹಿಡಿಸಿತ್ತು. ಸೊಪ್ಪು ಹೆಚ್ಚಿದವನ ಹೆಸರನ್ನು ಗ್ರಂಥ ಬರೆದಿಟ್ಟಿತು. ಹೆಂಗಸರು ಹೆಚ್ಚಿದ ಸೊಪ್ಪಿಗೆ ಹೆಸರಿಲ್ಲ ಎಂಬುದೂ ನಿಜ.

ಊಟದ ಮೇಜಿನ ಮೇಲೆ ದ್ರಾಕ್ಷಾರಸದ ಬಟ್ಟಲು, ಉಪ್ಪು, ಹೆಣೆದ ಎರಡು ರೊಟ್ಟಿ. ಈಜಿಪ್ಟಿನಿಂದ ಹೊರಟು ಮರುಭೂಮಿಯಲ್ಲಿ ಅಲೆದವರಿಗೆ ದಿನಾ ಆಕಾಶದಿಂದ ಮನ್ನ ಬೀಳುತ್ತಿತ್ತು, ಶುಕ್ರವಾರ ಮಾತ್ರ ಎರಡು ದಿನದ್ದು ಬೀಳುತ್ತಿತ್ತು ಎಂಬ ಕತೆಯ ನೆನಪಿಗೆ ಎರಡು. ರೊಟ್ಟಿಗೆ ಬಟ್ಟೆ ಮುಚ್ಚಿರುತ್ತಾರೆ. ಮನ್ನದ ಮೇಲೂ ಕೆಳಗೂ ಮಂಜಿನ ಹಾಸಿತ್ತಂತೆ, ಅದಕ್ಕೆ ಎನ್ನುತ್ತಾರೆ. ಇನ್ನೊಂದು ಕಾರಣವೂ ಇದೆ. ಉಳಿದ ದಿನ ಮೊದಲ ಆಶೀರ್ವಚನ ರೊಟ್ಟಿಗೆ. ಸಬ್ಬತ್ತಿನಲ್ಲಿ ಮಾತ್ರ ದ್ರಾಕ್ಷಾರಸಕ್ಕೆ. ತನ್ನನ್ನು ಬಿಟ್ಟು ಬೇರೆಯವರಿಗೆ ಮೊದಲ ಮರ್ಯಾದೆ ಸಲ್ಲುವುದನ್ನು ಕಂಡು ರೊಟ್ಟಿಗೆ ಅವಮಾನವಾಗಬಾರದೆಂದು ಅದರ ಮುಖ ಮುಚ್ಚುತ್ತಾರೆ. ರೊಟ್ಟಿಯ ಮನಸ್ಸು ನೋಯದಂತೆ ನೋಡಿಕೊಳ್ಳುವವನು ಮನೆಯ ಜನರ ಮೇಲೆ ಕೂಗಾಡುವುದು ಹೇಗೆ ಎಂಬ ಪಾಠ ಆ ತುಂಡು ಬಟ್ಟೆಯಲ್ಲಿದೆ. ತಂದೆ ತಾಯಿ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುವುದೂ ಆಗಲೇ. ಆ ವಾರ ಮಗ ಎಷ್ಟು ತಂಟೆ ಮಾಡಿದ್ದರೂ, ಮಗಳೊಡನೆ ಮಾತು ಬಿಟ್ಟಿದ್ದರೂ ಶುಕ್ರವಾರ ರಾತ್ರಿ ತಲೆ ಮುಟ್ಟಲೇಬೇಕು.

ಸಬ್ಬತ್ತಿನಲ್ಲಿ ಮಾಡಬಾರದ ಕೆಲಸಗಳಲ್ಲಿ 39 ಬಗೆ. ಮರುಭೂಮಿಯಲ್ಲಿ ದೇವರ ಗುಡಾರ ಕಟ್ಟಲು ಯಾವ ಯಾವ ಕೆಲಸ ಬೇಕಾಯಿತೋ ಅವೇ ಈ 39. ಉಳುವುದು, ಬಿತ್ತುವುದು, ನೇಯುವುದು, ಕಟ್ಟುವುದು, ಬೆಂಕಿ ಹೊತ್ತಿಸುವುದು. ದೇವರ ಮನೆ ಕಟ್ಟುವ ಕೆಲಸವೇ ನಿಲ್ಲಬೇಕೆಂದ ಮೇಲೆ ಉಳಿದ ಕೆಲಸದ ಮಾತೇನು? ಪಟ್ಟಿಯಲ್ಲಿ ಒಂದು ಕಡೆ ನಾನು ನಿಂತುಬಿಟ್ಟೆ. ಎರಡು ಅಕ್ಷರ ಬರೆಯುವುದು ನಿಷಿದ್ಧ. ಅಳಿಸುವುದೂ ನಿಷಿದ್ಧ, ಎರಡು ಅಕ್ಷರ ಬರೆಯಲೆಂದು ಅಳಿಸಿದರೆ. ಕಂಪ್ಯೂಟರಿನ ಮುಂದೆ ಕೂತ ನಮ್ಮ ದಿನವೆಲ್ಲ ಇಷ್ಟೇ ಅಲ್ಲವೇ? ಎರಡು ಅಕ್ಷರ ಬರೆಯುವುದು, ಎರಡು ಅಳಿಸುವುದು.

ಆರು ದಿನದಲ್ಲಿ ನಿನ್ನ ಕೆಲಸವನ್ನೆಲ್ಲ ಮಾಡು ಎಂದು ವಿಮೋಚನಕಾಂಡ ಹೇಳುತ್ತದೆ. ಅದಕ್ಕೆ ಮೆಖಿಲ್ತಾ ಎಂಬ ಹಳೆಯ ವ್ಯಾಖ್ಯಾನ ಸರಳವಾದ ಪ್ರಶ್ನೆ ಹಾಕುತ್ತದೆ. ಆರು ದಿನದಲ್ಲಿ ಎಲ್ಲ ಕೆಲಸ ಮುಗಿಸಲು ಮನುಷ್ಯನಿಗೆ ಸಾಧ್ಯವೇ? ಇಲ್ಲ. ಹಾಗಾದರೆ ಕೆಲಸವೆಲ್ಲ ಮುಗಿದಿದೆ ಎಂಬಂತೆ ವಿಶ್ರಮಿಸು ಎಂದು ಅರ್ಥ ಮಾಡುತ್ತದೆ. ಈ 'ಎಂಬಂತೆ' ನನಗೆ ಸಬ್ಬತ್ತಿನ ಬೀಗದ ಕೈ. ಕೆಲಸ ಮುಗಿದ ಮೇಲೆ ವಿಶ್ರಾಂತಿ ಎನ್ನುವವನಿಗೆ ವಿಶ್ರಾಂತಿ ಸಿಗುವುದೇ ಇಲ್ಲ, ಏಕೆಂದರೆ ಕೆಲಸ ಮುಗಿಯುವುದಿಲ್ಲ. ಹಾಗಂತ ಮುಗಿಯದ ಕೆಲಸವನ್ನು ಮುಗಿದಂತೆ ಭಾವಿಸು ಎಂದರೆ ಮನಸ್ಸು ಸುಮ್ಮನೆ ಕೇಳುವುದಿಲ್ಲ. ಅದಕ್ಕೆ ದೀಪ ಬೇಕು, ಹಾಡು ಬೇಕು, ಒಗೆದ ಬಟ್ಟೆ ಬೇಕು, ಬಾಗಿಲ ಕಡೆ ತಿರುಗಿ ತಲೆಬಾಗಬೇಕು. ಮನೆಗೆ ಯಾರೋ ಬಂದಾಗ ನಾವು ಹರಡಿದ ಪುಸ್ತಕಗಳನ್ನು ಮಡಚಿ ಬದಿಗಿಡುತ್ತೇವೆ. ಓದು ಮುಗಿಯಿತೆಂದಲ್ಲ, ಬಂದವರು ದೊಡ್ಡವರೆಂದು. ಸಬ್ಬತ್ತನ್ನು ಅತಿಥಿ ಮಾಡಿದ್ದರ ಗುಟ್ಟು ಇದೇ ಎಂದು ನನ್ನ ಓದು. ಬರಿಯ ರಜೆಯಾಗಿದ್ದರೆ ಅದನ್ನು ಮುಂದಿನ ವಾರಕ್ಕೆ ಹಾಕಬಹುದಿತ್ತು. ಬಾಗಿಲಲ್ಲಿ ನಿಂತವಳಿಗೆ ಮುಂದಿನ ವಾರ ಬಾ ಎನ್ನಲಾಗುವುದಿಲ್ಲ.

ಇದು ಸೋಮಾರಿಗಳ ಪದ್ಧತಿ ಎಂದು ನಕ್ಕವರೂ ಇದ್ದರು. ಏಳು ದಿನಕ್ಕೊಂದು ದಿನ ಸುಮ್ಮನೆ ಕೂತು ಯಹೂದಿಗಳು ಆಯುಷ್ಯದ ಏಳನೇ ಒಂದು ಭಾಗವನ್ನು ಕಳೆದುಕೊಳ್ಳುತ್ತಾರೆ ಎಂದು ರೋಮಿನ ತತ್ವಜ್ಞಾನಿ ಸೆನೆಕಾ ಲೆಕ್ಕ ಹಾಕಿದ್ದ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅವನ ರೋಮಿನಲ್ಲಿ ಯಜಮಾನರು ಯಾವ ದಿನ ಬೇಕಾದರೂ ವಿಶ್ರಮಿಸಬಹುದಿತ್ತು. ಗುಲಾಮರಿಗೆ ಆ ಮಾತು ಅನ್ವಯಿಸುತ್ತಿರಲಿಲ್ಲ.

ಹತ್ತು ಆಜ್ಞೆಗಳು ಎರಡು ಕಡೆ ಬರುತ್ತವೆ ಎಂದೆನಲ್ಲ, ಎರಡರಲ್ಲೂ ಸಬ್ಬತ್ತಿಗೆ ಕೊಟ್ಟ ಕಾರಣ ಒಂದೇ ಅಲ್ಲ. ವಿಮೋಚನಕಾಂಡದಲ್ಲಿ ಕಾರಣ ದೇವರು. ಆರು ದಿನ ಲೋಕವನ್ನು ಸೃಷ್ಟಿಸಿ ಏಳನೆಯ ದಿನ ಅವನು ವಿಶ್ರಮಿಸಿದ. ಧರ್ಮೋಪದೇಶಕಾಂಡದಲ್ಲಿ ಕಾರಣ ಗುಲಾಮಗಿರಿ. ನೀನು ಈಜಿಪ್ಟಿನಲ್ಲಿ ಆಳಾಗಿದ್ದೆ, ಅದನ್ನು ನೆನಪಿಟ್ಟುಕೋ, ನಿನ್ನ ಹಾಗೆಯೇ ನಿನ್ನ ಆಳಿಗೂ ಅಂದು ಬಿಡುವು ಸಿಗಲಿ ಎನ್ನುತ್ತದೆ. ಗಂಡಾಳು, ಹೆಣ್ಣಾಳು, ಊರಲ್ಲಿರುವ ಪರಸ್ಥಳದವನು ಎಲ್ಲರನ್ನೂ ಹೆಸರಿಸುತ್ತದೆ. ಎತ್ತನ್ನೂ ಕತ್ತೆಯನ್ನೂ ಬಿಡುವುದಿಲ್ಲ.

ಇಲ್ಲಿ ನಾನು ಮತ್ತೆ ಮಂಗಳೂರಿಗೆ ಬರುತ್ತೇನೆ. ಬೆನ್ ಯಿಜುವಿಗೆ ಒಬ್ಬ ಆಳಿದ್ದ. ಹಳೆಯ ಪತ್ರಗಳಲ್ಲಿ ಹೀಬ್ರೂ ಅಕ್ಷರಗಳಲ್ಲಿ ಅಡಗಿದ್ದ ಅವನ ಹೆಸರನ್ನು ಬೊಮ್ಮ ಎಂದು ಗುರುತಿಸಲು ಘೋಷ್ ಅವರಿಗೆ ನೆರವಾದವರು ನಮ್ಮ ಬಿ.ಎ. ವಿವೇಕ ರೈ ಅವರು. ಬೊಮ್ಮ ಯಜಮಾನನ ಪರವಾಗಿ ಏಡನ್‌ವರೆಗೆ ಹೋಗಿ ವ್ಯವಹಾರ ನೋಡಿಕೊಂಡು ಬಂದವನು. ಏಡನ್ನಿನ ವ್ಯಾಪಾರಿಗಳು ಪತ್ರದ ಕೊನೆಗೆ ಅವನಿಗೂ ಶುಭಾಶಯ ಬರೆಯುತ್ತಾರೆ. ಮನೆಯಲ್ಲಿದ್ದ ಇನ್ನೊಬ್ಬಳು ಆಶು. ದಾಸಿಯಾಗಿದ್ದ ಅವಳನ್ನು ಬೆನ್ ಯಿಜು 1132ರಲ್ಲಿ ಮಂಗಳೂರಿನಲ್ಲೇ ಬಿಡುಗಡೆ ಮಾಡಿದ. ಧರ್ಮೋಪದೇಶಕಾಂಡದ ಆ ಮಾತು ಓದುವಾಗ ಈಜಿಪ್ಟಿಗಿಂತ ಮೊದಲು ನನ್ನ ಕಣ್ಣಿಗೆ ಬರುವುದು ಈ ಮನೆ. ಶುಕ್ರವಾರ ಸಂಜೆ ಕಡಲ ಮೇಲೆ ಸೂರ್ಯ ಕೆಂಪಾಗಿರುವಾಗ ಕಂಚು ಬಡಿಯುವ ಸದ್ದು ನಿಂತ ಒಂದು ಅಂಗಳ. ಈ ಆಜ್ಞೆ ಆಳನ್ನು ಬಿಡುಗಡೆ ಮಾಡೆನ್ನುವುದಿಲ್ಲ. ಅದು ಅದರ ಮಿತಿ. ಆದರೆ ವಾರಕ್ಕೊಂದು ದಿನ ಅವನ ಕೈಗೆ ಕೆಲಸ ಹೇಳುವ ಅಧಿಕಾರವನ್ನು ಯಜಮಾನನಿಂದ ಕಿತ್ತುಕೊಳ್ಳುತ್ತದೆ. ಆ ಒಂದು ದಿನದ ರುಚಿ ಕಂಡವನು ಉಳಿದ ಆರು ದಿನಗಳನ್ನು ಮೊದಲಿನ ಹಾಗೆಯೇ ನೋಡಲಾರ.

ಮಂಗಳೂರಿನಿಂದ ಉತ್ತರಕ್ಕೆ ಇದೇ ಕಡಲತೀರ ಹಿಡಿದು ಹೋದರೆ ಕೊಂಕಣದಲ್ಲಿ ಬೆನೆ ಇಸ್ರೇಲ್ ಯಹೂದಿಗಳ ಹಳ್ಳಿಗಳು. ಮರಾಠಿ ಮಾತಾಡುತ್ತ, ಗಾಣದಲ್ಲಿ ಎಣ್ಣೆ ತೆಗೆಯುತ್ತ ಬದುಕಿದವರು. ಹೀಬ್ರೂ ಬಹುಮಟ್ಟಿಗೆ ಮರೆತಿತ್ತು, ಗ್ರಂಥಗಳು ಕೈಯಲ್ಲಿರಲಿಲ್ಲ. ಒಂದು ಪ್ರಾರ್ಥನೆ, ಸುನ್ನತಿ, ಕೆಲವು ಊಟದ ನಿಯಮ ಉಳಿದಿದ್ದವು. ಶನಿವಾರ ಗಾಣ ನಿಲ್ಲುವುದೂ ಉಳಿದಿತ್ತು. ಅಕ್ಕಪಕ್ಕದವರು ಅವರನ್ನು ಶನಿವಾರ್ ತೇಲಿ ಎಂದು ಕರೆದರು. ಶನಿವಾರ ಬಿಡುವು ಮಾಡುವ ಗಾಣಿಗರು. ಅವರಲ್ಲೊಬ್ಬ ಸ್ಯಾಮ್ಯುಯೆಲ್ ದಿವೇಕರ್ ಕಂಪನಿಯ ಸೈನ್ಯದಲ್ಲಿದ್ದು ಟಿಪ್ಪುವಿನ ಸೆರೆಗೆ ಸಿಕ್ಕಿದ್ದ. ಬದುಕಿ ಮರಳಿದ ಹರಕೆಗೆಂದು 1796ರಲ್ಲಿ ಮುಂಬೈಯಲ್ಲಿ ಸಿನಗಾಗ್ ಕಟ್ಟಿಸಿದ ಎಂದು ಸಮುದಾಯ ಹೇಳಿಕೊಳ್ಳುತ್ತದೆ. ಅಂದರೆ ಅವರಿಗೆ ಸಿನಗಾಗ್ ಬಂದದ್ದು ಆಮೇಲೆ, ಶನಿವಾರ ಇದ್ದದ್ದು ಮೊದಲಿನಿಂದ.

ಠಾಣೆಯ ಬೆನೆ ಇಸ್ರೇಲ್ ಗೆಳತಿಯೊಬ್ಬಳ ಮನೆಯಲ್ಲಿ ಒಂದು ಶುಕ್ರವಾರ ಊಟಕ್ಕೆ ಕೂತಿದ್ದೆ. ಎರಡು ಚಪಾತಿಗೆ ಕಸೂತಿಯ ಬಟ್ಟೆ ಮುಚ್ಚಿತ್ತು. ಬಟ್ಟಲಲ್ಲಿ ಇದ್ದದ್ದು ಒಣದ್ರಾಕ್ಷಿ ನೆನೆಹಾಕಿ ಸೋಸಿದ ಶರಬತ್ತು. ದ್ರಾಕ್ಷಾರಸ ಸಿಗದ ನಾಡಿನಲ್ಲಿ ಅವರು ಕಂಡುಕೊಂಡ ದಾರಿ ಅದು. ಏಡನ್ನಿನ ಗೆಳೆಯರು ಬೆನ್ ಯಿಜುವಿಗೆ ಕಾಗದ, ಸಕ್ಕರೆಯ ಜೊತೆ ಒಣದ್ರಾಕ್ಷಿಯನ್ನೂ ಕಳಿಸುತ್ತಿದ್ದದ್ದು ನೆನಪಾಯಿತು. ಅದರಲ್ಲಿ ಒಂದು ಹಿಡಿ ಶುಕ್ರವಾರದ ಬಟ್ಟಲಿಗೆ ಹೋಗಿರಬಹುದು ಎಂದು ಊಹಿಸುವುದು ನನಗಿಷ್ಟ. ಪ್ರಬಂಧದಲ್ಲಿ ಬರೆಯುವಂಥ ಮಾತಲ್ಲ, ಇಲ್ಲಿ ನಡೆಯುತ್ತದೆ. ಊಟವಾದ ಮೇಲೆ ತಟ್ಟೆ ಎತ್ತಲು ಎದ್ದಾಗ ಗೆಳತಿಯ ತಾಯಿ ಕೈಹಿಡಿದು ಕೂರಿಸಿದರು. 'ರಾಹೂ ದೇ, ಬೇಟಾ' ಅಂದರು. ಇರಲಿ ಬಿಡು. ನಾನು ಕಾಕೂ ಎಂದು ಕರೆಯುತ್ತಿದ್ದ ಅವರು ವಾರವಿಡೀ ಒಂದು ನಿಮಿಷ ಕೂತದ್ದನ್ನು ನೋಡಿರಲಿಲ್ಲ. ಆಗ ಗೋಡೆಗೊರಗಿ, ಕಾಲು ಚಾಚಿ, ಕರಗುತ್ತಿದ್ದ ಮೇಣದಬತ್ತಿ ನೋಡುತ್ತ ಕೂತಿದ್ದರು. ಆರಿಸುವ ಹಾಗಿಲ್ಲವಾದ್ದರಿಂದ ಅದು ತಾನಾಗಿ ಉರಿದು ಮುಗಿಯಬೇಕಿತ್ತು.

ಹೀಬ್ರೂ ಭಾಷೆಯಲ್ಲಿ ವಾರದ ದಿನಗಳಿಗೆ ಸೋಮ, ಮಂಗಳ ಎಂಬಂಥ ಹೆಸರಿಲ್ಲ. ಮೊದಲನೆಯ ದಿನ, ಎರಡನೆಯ ದಿನ ಎಂದು ಎಣಿಕೆ ಮಾತ್ರ. ಹೆಸರಿರುವುದು ಏಳನೆಯದಕ್ಕೆ. ಉಳಿದವು ಅವಳ ಬರವಿಗೆ ಹಾಕಿದ ಲೆಕ್ಕ. ನಾನು ಯಹೂದಿಯಲ್ಲ, ಯಾವುದೇ ಆಚರಣೆಯನ್ನು ಎರವಲು ತಂದು ಮನೆಯಲ್ಲಿ ನಡೆಸುವ ಉದ್ದೇಶವೂ ಇಲ್ಲ. ಆದರೆ ಕೊಂಕಣದ ಆ ಗಾಣದ ಚಿತ್ರ ನನ್ನನ್ನು ಬಿಟ್ಟಿಲ್ಲ. ಗಾಣ ತಿರುಗಿಸುತ್ತಿದ್ದದ್ದು ಎತ್ತು. ಗಾಣದೆತ್ತು ಎಂದರೆ ನಮ್ಮ ಮಾತಿನಲ್ಲಿ ಬಿಡುವಿಲ್ಲದ, ಎಲ್ಲಿಗೂ ತಲುಪದ ದುಡಿಮೆ. ಆದರೆ ಇದೇ ಪಶ್ಚಿಮ ಕರಾವಳಿಯಲ್ಲಿ ಕೆಲವು ಎತ್ತುಗಳಿಗೆ ವಾರಕ್ಕೊಮ್ಮೆ ನೊಗ ಇಳಿಯುತ್ತಿತ್ತು. ಡಬ್ಬಿಯಲ್ಲಿ ಎಳ್ಳು ಬಾಕಿಯಿರುತ್ತಿತ್ತು, ಎಣ್ಣೆಗೆ ಗಿರಾಕಿಗಳು ಕಾಯುತ್ತಿದ್ದರು, ಆದರೂ ಕಣ್ಣಪಟ್ಟಿ ಬಿಚ್ಚಿದ ಎತ್ತು ಶನಿವಾರದ ಬಿಸಿಲಿನಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು.